ಸೇನಾ ವೈದ್ಯರಿಗೆ ನಂತೂರಿನಲ್ಲಿ ಪೋಸ್ಟಿಂಗ್

ಶಾಂತಿಕಾಲದ ದೊಡ್ಡ ಅನನುಕೂಲವೆಂದರೆ ಗಾಯಾಳುಗಳ ಅಭಾವ. 1948ರಲ್ಲಿ ಶುರುವಾದ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಸೇನೆಗೆ ವೈದ್ಯರನ್ನು ಕೊಡುತ್ತಿದೆ. ಆದರೆ ಕಾಶ್ಮೀರದಂಥ ಕಡೆ ಇರುವವರನ್ನು ಬಿಟ್ಟರೆ, ಉಳಿದ ಶಸ್ತ್ರವೈದ್ಯರ ಮೇಜಿಗೆ ಬರುವುದು ಬಹುಪಾಲು ಹರ್ನಿಯಾ, ಪಿತ್ತಕೋಶದ ಕಲ್ಲು ಮತ್ತು ನಿವೃತ್ತ ಸುಬೇದಾರರ ಮಂಡಿನೋವು. ಇದಕ್ಕೆ ಪರಿಹಾರವಾಗಿ ಅಣಕು ಕಾರ್ಯಾಚರಣೆ ಇದೆ. ದಷ್ಟಪುಷ್ಟ ಜವಾನನೊಬ್ಬ ‘ಬಲತೊಡೆ ಛಿದ್ರ, ತೀವ್ರ ರಕ್ತಸ್ರಾವ’ ಎಂಬ ಚೀಟಿಯನ್ನು ಕೊರಳಿಗೆ ಕಟ್ಟಿಕೊಂಡು ಮಲಗುತ್ತಾನೆ, ವೈದ್ಯರು ಚೀಟಿಗೆ ಚಿಕಿತ್ಸೆ ನೀಡುತ್ತಾರೆ, ಚೀಟಿ ಗುಣಮುಖವಾಗುತ್ತದೆ, ಘಟಕವು ಯುದ್ಧಸನ್ನದ್ಧವೆಂದು ವರದಿ ಮೇಲಕ್ಕೆ ಹೋಗುತ್ತದೆ.

ಇತ್ತ ಕರಾವಳಿಯಲ್ಲಿ ತಲಪಾಡಿಯಿಂದ ಶಿರೂರಿನವರೆಗಿನ ನಮ್ಮ ರಾಷ್ಟ್ರೀಯ ಹೆದ್ದಾರಿ 66 ಗಾಯಾಳುಗಳ ಪೂರೈಕೆಯಲ್ಲಿ ಎಂದೂ ಕೊರತೆ ಮಾಡಿದ್ದಿಲ್ಲ. ಎದುರು ದಿಕ್ಕಿನಿಂದ ನುಗ್ಗುವ ಸ್ಕೂಟರು, ಟೈಮಿಂಗಿಗಾಗಿ ಜೀವದ ಹಂಗು (ಪ್ರಯಾಣಿಕರದ್ದು) ತೊರೆದ ಎಕ್ಸ್‌ಪ್ರೆಸ್ ಬಸ್ಸು, ಮೊದಲ ಮಳೆಗೇ ಬಾಯಿ ತೆರೆಯುವ ಹೊಂಡ, ಎಲ್ಲವೂ ಯುದ್ಧ ಘೋಷಣೆಗೆ ಕಾಯದೆ ಕೆಲಸ ಮಾಡುತ್ತವೆ. 1999ರ ಕಾರ್ಗಿಲ್ ಯುದ್ಧದಲ್ಲಿ ಹುತಾತ್ಮರಾದ ಯೋಧರು 527. ದೇಶದ ರಸ್ತೆಗಳು 2022ರಲ್ಲಿ ಬಲಿ ಪಡೆದವರು 1,68,491, ಎಂದರೆ ದಿನಕ್ಕೆ ಸುಮಾರು 460 ಮಂದಿ.

ಆದ್ದರಿಂದ ಸೇನಾ ಶಸ್ತ್ರವೈದ್ಯರ ತಂಡವೊಂದನ್ನು ಈ ಹೆದ್ದಾರಿಯಲ್ಲಿರುವ ಮಂಗಳೂರಿನ ನಂತೂರು ವೃತ್ತದ ಪಕ್ಕದಲ್ಲಿ ಡೇರೆ ಸಮೇತ ನಿಯೋಜಿಸಬೇಕೆಂದು ನನ್ನ ವಿನಂತಿ. ಡೇರೆ ಹೆಚ್ಚಾಯಿತು ಎಂದಾದರೆ, ನಗರದಲ್ಲಿ 1848ರಿಂದ ಇರುವ ವೆನ್ಲಾಕ್ ಆಸ್ಪತ್ರೆಯ ತುರ್ತು ವಿಭಾಗವಾದರೂ ಆದೀತು. ಯುದ್ಧದಲ್ಲಿ ಕಲಿತದ್ದನ್ನು ಶಾಂತಿಯಲ್ಲಿ ಮರೆತು, ಮುಂದಿನ ಯುದ್ಧದ ಮೊದಲ ಗಾಯಾಳುಗಳ ಮೈಮೇಲೆ ಮತ್ತೆ ಕಲಿಯುವ ಕ್ರಮಕ್ಕೆ ಬ್ರಿಟನ್ನಿನವರು ‘ವಾಕರ್ ಡಿಪ್’ ಎಂದು ಹೆಸರಿಟ್ಟಿದ್ದಾರೆ. ತಮ್ಮ ಸೇನಾ ವೈದ್ಯರನ್ನು ಬರ್ಮಿಂಗ್‌ಹ್ಯಾಮ್‌ನಂಥ ಊರುಗಳ ನಾಗರಿಕ ಆಸ್ಪತ್ರೆಗಳಲ್ಲೇ ದುಡಿಸುತ್ತಾರೆ. ಅಮೆರಿಕದ ಸೇನೆಯೂ ತನ್ನ ತಂಡಗಳನ್ನು ಮಯಾಮಿಯ ಅಪಘಾತ ಚಿಕಿತ್ಸಾ ಕೇಂದ್ರಕ್ಕೆ ಕಳಿಸಿ ಕೈ ಪಳಗಿಸಿದೆ. ಅಷ್ಟು ದೂರವೇಕೆ, ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ನಮ್ಮ ಯಕ್ಷಗಾನ ಕಲಾವಿದರು ಕೂಡ ಮಳೆಗಾಲದಲ್ಲಿ ಚಿಕ್ಕಮೇಳ ಕಟ್ಟಿ ಮನೆಮನೆಗಳಲ್ಲಿ ಕುಣಿಯುತ್ತಾರೆಯೇ ಹೊರತು, ಕುಣಿದೆವೆಂದು ವರದಿ ಬರೆದು ಕೂರುವುದಿಲ್ಲ.

ಗುಂಡಿನ ಗಾಯ ಬೇರೆ, ಬಸ್ಸಿನ ಗಾಯ ಬೇರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ನಿಜ, ಸ್ಫೋಟದ ಗಾಯವನ್ನು ನಂತೂರು ಕಲಿಸಲಾರದು. ಆದರೆ ಚಿಮ್ಮುವ ರಕ್ತವನ್ನು ನಿಲ್ಲಿಸುವುದು, ಎದೆಗೂಡಿಗೆ ನಳಿಕೆ ಇಳಿಸುವುದು, ಐವರು ಒಮ್ಮೆಗೇ ಬಂದಾಗ ಯಾರನ್ನು ಮೊದಲು ಮೇಜಿಗೆ ಎತ್ತಬೇಕೆಂದು ತೀರ್ಮಾನಿಸುವುದು ಎರಡು ಕಡೆಯೂ ಒಂದೇ ವಿದ್ಯೆ.

ದೆಹಲಿಯಲ್ಲಿ ಕಡತ ಒಪ್ಪಿಗೆ ಪಡೆಯುವಷ್ಟರಲ್ಲಿ ನಂತೂರು ಸರಿಹೋಗಿ, ತರಬೇತಿಗೆ ಗಾಯಾಳುಗಳೇ ಸಿಗದಿದ್ದರೆ ಎಂದು ಕೆಲವರು ಚಿಂತಿಸಬಹುದು. ಸುಮಾರು ಹತ್ತು ವರ್ಷ ತೆಗೆದುಕೊಂಡು 2020ರಲ್ಲಿ ತೆರೆದ, ಇದೇ ಹೆದ್ದಾರಿಯ ಪಂಪ್‌ವೆಲ್ ಮೇಲ್ಸೇತುವೆಯನ್ನು ಕಂಡವರಾರೂ ಹಾಗೆ ಚಿಂತಿಸುವುದಿಲ್ಲ.