ಭಾವನವರ ಬಿಗಿ

ನಿನ್ನೆ ಬೆಳಿಗ್ಗೆ ನಮ್ಮ ಭಾವನವರು ನನ್ನ 1936ರ ಮಾರಿಸ್ ಏಯ್ಟ್ ಕಾರಿನ ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಬಿಗಿದಿಡುವ ತಿರುಪು ಕಡ್ಡಿಗಳಲ್ಲಿ, ಅಂದರೆ ಸ್ಟಡ್ಡುಗಳಲ್ಲಿ, ಒಂದನ್ನು ಮುರಿದು, "ಸಡಿಲ ಇತ್ತು ಕಣಯ್ಯ, ಬಿಗಿ ಮಾಡ್ದೆ" ಎಂದು ತಿಳಿಸಿ, ಕೈ ತೊಳೆದುಕೊಂಡು, ಇನ್ನೊಂದು ಲೋಟ ಕಾಫಿಯನ್ನೂ ಮುಗಿಸಿ, ಹಾಸನದ ಬಸ್ಸು ಹತ್ತಿದರು. ಅವರ ಬಸ್ಸು ಬೇಲೂರು ದಾಟಿರಬಹುದಾದ ಹೊತ್ತಿಗೂ ನಾನು ಆ ಮುರಿದ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಶೆಡ್ಡಿನಲ್ಲೇ ಕುಳಿತಿದ್ದೆ. ಮಹಾಯುದ್ಧಕ್ಕೂ ಮುಂಚೆ ತಯಾರಾಗಿ, ಹಡಗು ಹತ್ತಿ ಬಂದು, ಮಲೆನಾಡಿನ ಅಷ್ಟೊಂದು ಮಳೆಗಾಲಗಳನ್ನು ಕಾಫಿ ತೋಟದ ಗೋದಾಮಿನಲ್ಲಿ ತಾಳಿಕೊಂಡಿದ್ದ ಉಕ್ಕು ನಿವೃತ್ತ ಗಣಿತದ ಮೇಷ್ಟ್ರೊಬ್ಬರ ಬಲಗೈಯನ್ನು ತಾಳಲಿಲ್ಲ.

ಹಳೆಯ ಕಾರೊಂದನ್ನು ಮನೆಯಲ್ಲೇ ದುರಸ್ತಿ ಮಾಡಲು ಹೊರಟವನಿಗೆ ತುಕ್ಕೇ ದೊಡ್ಡ ಶತ್ರುವೆಂದು ಜನ ತಿಳಿದಿದ್ದಾರೆ. ಚಿಕ್ಕಮಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ತುಕ್ಕಿನ ಭಯವಿಲ್ಲ. ಆಷಾಢದಲ್ಲಿ ಗೇಟಿಗೂ ಬೀಗಕ್ಕೂ ಹಿಡಿಯುವುದು ಕಾರಿಗೂ ಹಿಡಿಯುತ್ತದೆ, ಎಮರಿ ಕಾಗದ ಹಿಡಿದು ಕುಳಿತರೆ ಬಿಡುತ್ತದೆ. ಬಿಡಿಭಾಗಗಳದ್ದೂ ಅಂತಹ ತೊಂದರೆಯಿಲ್ಲ. 1934ರಿಂದ 1948ರವರೆಗೆ ಲಕ್ಷಗಟ್ಟಲೆ ತಯಾರಾದ ಈ ಕಾರಿಗೆ ಗ್ಯಾಸ್ಕೆಟ್ಟು, ಬ್ರೇಕಿನ ರಬ್ಬರುಗಳೆಲ್ಲ ಇಂದಿಗೂ ಇಂಗ್ಲೆಂಡಿನಿಂದ ಅಂಚೆಯಲ್ಲಿ ಬರುತ್ತವೆ. ಪೆಟ್ರೋಲಿಗೆ ಬೆರೆಸುವ ಶೇಕಡಾ 20ರಷ್ಟು ಎಥನಾಲ್ ಹಳೆಯ ರಬ್ಬರನ್ನು ತಿನ್ನುತ್ತದೆ ಎಂದರೆ ಹೊಸ ಕೊಳವೆ ಹಾಕಬಹುದು. ನೆಂಟರನ್ನು ಬದಲಾಯಿಸುವ ಸೌಕರ್ಯ ಮಾತ್ರ ಯಾವ ಅಂಗಡಿಯಲ್ಲೂ ಇಲ್ಲ.

ಭಾವನವರು ಬಂದು ಹೋದ ಮನೆಯನ್ನು ಗುರುತಿಸುವುದು ಸುಲಭ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಬಿಸಿನೀರು ಬೇಕಾಗುತ್ತದೆ. ಬಚ್ಚಲಿನ ನಲ್ಲಿಯನ್ನು ತಿರುಗಿಸಲು ಬಲಗೈಗೆ ಎಡಗೈ ಜೊತೆಯಾಗಬೇಕು. ಅಷ್ಟಾದರೂ ನಲ್ಲಿ ತೊಟ್ಟಿಕ್ಕುತ್ತಲೇ ಇರುತ್ತದೆ, ಏಕೆಂದರೆ ಒಳಗಿನ ವಾಷರ್ ಅವರ ಹಿಡಿತಕ್ಕೆ ಸಿಕ್ಕಿ ಜಜ್ಜಿಹೋಗಿರುತ್ತದೆ. ತೊಟ್ಟಿಕ್ಕುವುದನ್ನು ಕಂಡು ಅವರು ಇನ್ನಷ್ಟು ಬಿಗಿ ಮಾಡುತ್ತಾರೆ. ಕುಕ್ಕರಿನ ಹಿಡಿ, ಫ್ಲಾಸ್ಕಿನ ಮುಚ್ಚಳ, ಮಿಕ್ಸಿ ಜಾರಿನ ಬ್ಲೇಡು, ಯಾವುದಕ್ಕೂ ರಿಯಾಯಿತಿಯಿಲ್ಲ. ಮಗಳ ಸೈಕಲ್ಲಿನ ಬೆಲ್ಲನ್ನು ಅವರು ಎಷ್ಟು ಬಿಗಿದರೆಂದರೆ ಅದು ಬಾರಿಸುವುದನ್ನೇ ನಿಲ್ಲಿಸಿತು. ಅಂಗಡಿಯವನು ಬಿಚ್ಚಲಾರದೆ ಕೊನೆಗೆ ಹೊಸದನ್ನೇ ಹಾಕಿಕೊಟ್ಟ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆದಾಗ ಸರದಿಯಲ್ಲಿ ನಿಂತವರೆಲ್ಲ ದೇವಿಯನ್ನು ನೆನೆಯುತ್ತಿದ್ದರೆ, ನಮ್ಮ ಭಾವನವರು ಬ್ಯಾರಿಕೇಡಿನ ಬೋಲ್ಟನ್ನು ಬೆರಳಿನಿಂದ ತಿರುಗಿಸಿ ನೋಡುತ್ತಾರೆ. ಈ ಎಲ್ಲ ಸೇವೆಗೆಂದೇ ಅವರ ಕೈಚೀಲದಲ್ಲಿ ಕನ್ನಡಕ, ಬಿ.ಪಿ. ಮಾತ್ರೆ ಮತ್ತು ಯಾವ ಅಳತೆಗೂ ಬಾಯಿ ಹೊಂದಿಸಬಹುದಾದ ಒಂದು ಸ್ಕ್ರೂ ಸ್ಪ್ಯಾನರ್ ಸದಾ ಇರುತ್ತವೆ.

ಇಂತಹವರಿಗೆ ಬಿಚ್ಚಿ ಹರಡಿದ ಒಂದು ಇಡೀ ಕಾರು ಸಿಕ್ಕಿದರೆ ಏನಾಗಬೇಡ?

ಮೊದಮೊದಲು ನಾನು ಅವರನ್ನು ಲೆಕ್ಕದಲ್ಲಿ ಕಟ್ಟಿಹಾಕಲು ನೋಡಿದೆ. ಏಯ್ಟ್ ಎಂದರೆ ಎಂಟು ಕುದುರೆಯ ಶಕ್ತಿ, ಆದರೆ ಅದು ಆಗಿನ ಬ್ರಿಟಿಷ್ ತೆರಿಗೆಯ ಎಂಟು, ಎಂಜಿನ್ನಿನ ನಿಜವಾದ ಶಕ್ತಿ ಅದಕ್ಕಿಂತ ಬಹಳ ಹೆಚ್ಚು ಎಂದೆ. ಸಿಲಿಂಡರಿನ ಅಗಲವನ್ನು ಇಂಚಿನಲ್ಲಿ ವರ್ಗ ಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, ಎರಡೂವರೆಯಿಂದ ಭಾಗಿಸಿದರೆ ಬರುವ ಅಂಕಿಗೆ ತಕ್ಕಂತೆ ತೆರಿಗೆ. ಉದ್ದದ ಗೊಡವೆ ಆ ಸೂತ್ರಕ್ಕಿಲ್ಲದ ಕಾರಣ, ಜಾಣ ತಯಾರಕರು ಅಗಲವನ್ನು 57 ಮಿಲಿಮೀಟರಿಗೆ ಕಿರಿದಾಗಿಸಿ, ಪಿಸ್ಟನ್ನಿನ ಓಟವನ್ನು 90 ಮಿಲಿಮೀಟರಿಗೆ ಹಿಗ್ಗಿಸಿ, 918 ಸಿಸಿಯ ಎಂಜಿನ್ನಿಗೆ ಎಂಟರ ತೆರಿಗೆ ಕಟ್ಟಿಸಿದರು. ಭಾವನವರು ಶೆಡ್ಡಿನ ಗೋಡೆಯ ಮೇಲೆಯೇ ಪೆನ್ಸಿಲ್ಲಿನಿಂದ ಲೆಕ್ಕ ಮಾಡಿ, 8.06 ಬಂದದ್ದನ್ನು ನೋಡಿ, "ಲೆಕ್ಕ ಸರಿ ಇದೆ" ಎಂದರು. ನನ್ನ ಕಾರಿಗೆ ಅವರಿಂದ ದೊರೆತ ಮೊದಲ ಮತ್ತು ಕೊನೆಯ ಪ್ರಶಂಸೆ ಅದು. ಹೇಳಿ ಮುಗಿಸಿದವರೇ ಗೋಡೆಯ ಸ್ವಿಚ್‌ಬೋರ್ಡಿನ ಸ್ಕ್ರೂಗಳ ಕಡೆ ತಿರುಗಿದರು.

ಪಾನಾಗಳ, ಅಂದರೆ ಸ್ಪ್ಯಾನರುಗಳ, ವಿಷಯದಲ್ಲಂತೂ ನಮಗೆ ಇಂದಿಗೂ ರಾಜಿಯಾಗಿಲ್ಲ. ಆ ಕಾಲದ ಬ್ರಿಟಿಷ್ ಕಾರುಗಳಿಗೆ ಬೇಕಾದದ್ದು ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮುಂದಿಟ್ಟ ಅಳತೆಯ ಸಂತತಿಗೆ ಸೇರಿದ ಪಾನಾಗಳು. ಅವುಗಳ ಮೇಲೆ ಕೆತ್ತಿರುವ ಅಂಕಿ ಪಾನಾದ ಬಾಯಿಯ ಅಗಲವನ್ನಲ್ಲ, ಬೋಲ್ಟಿನ ಕಡ್ಡಿಯ ದಪ್ಪವನ್ನು ಹೇಳುತ್ತದೆ. ಕಾಲು ಇಂಚಿನ ಪಾನಾದ ಬಾಯಿ ಅರ್ಧ ಇಂಚಿಗಿಂತಲೂ ತುಸು ಅಗಲ, ಅಂದರೆ 13.3 ಮಿಲಿಮೀಟರ್. ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ 13ರ ಪಾನಾ ಆ ನಟ್ಟಿನ ಮೇಲೆ ಕೂರುವುದಿಲ್ಲ. 14ರದ್ದು ಕೂರುತ್ತದೆ, ಆದರೆ ತಿರುಗಿಸಿದೊಡನೆ ಜಾರಿ ನಟ್ಟಿನ ಮೂಲೆಗಳನ್ನು ಸವೆಸುತ್ತದೆ. ಭಾವನವರು ಸ್ಕೇಲು ತರಿಸಿ ಅಳೆದರು, ಕನ್ನಡಕ ಒರೆಸಿ ಮತ್ತೊಮ್ಮೆ ಅಳೆದರು. "ಕಾಲು ಅಂತ ಬರೆದು ಅರ್ಧಕ್ಕಿಂತ ಜಾಸ್ತಿ ಕೊಟ್ಟಿದಾರಲ್ಲಯ್ಯ, ಇದನ್ನ ನಂಬ್ಕೊಂಡು ಕೆಲಸ ಮಾಡ್ತೀಯಾ? ನಮ್ಮ ಹುಡುಗ್ರು ಹೀಗೆ ಬರೆದಿದ್ರೆ ಸೊನ್ನೆ ಹಾಕ್ತಿದ್ದೆ." ವಿಟ್‌ವರ್ತ್ ಮಹಾಶಯನಿಗೆ ಸೊನ್ನೆ ಬಿತ್ತು. ಸ್ಕ್ರೂ ಸ್ಪ್ಯಾನರ್ ಕೈಚೀಲದಿಂದ ಹೊರಬಂತು.

ನಿನ್ನೆಯ ಪ್ರಸಂಗಕ್ಕೆ ಬರುತ್ತೇನೆ. ಈ ಎಂಜಿನ್ನಿನಲ್ಲಿ ವಾಲ್ವುಗಳು ಎಂಜಿನ್ನಿನ ಒಡಲಾದ ಬ್ಲಾಕಿನಲ್ಲೇ, ಸಿಲಿಂಡರುಗಳ ಪಕ್ಕದಲ್ಲಿ ಇರುವುದರಿಂದ ಹೆಡ್ ಎಂಬುದು ಹೆಚ್ಚುಕಡಿಮೆ ಒಂದು ಎರಕದ ಹಲಗೆ. ಆದರೆ ಅದರ ನಟ್ಟುಗಳನ್ನು ನಡುವಿನಿಂದ ಆರಂಭಿಸಿ ಅಂಚಿನತ್ತ, ಇಷ್ಟಿಷ್ಟೇ, ಹಲವು ಸುತ್ತುಗಳಲ್ಲಿ ಬಿಗಿಯುತ್ತ ಹೋಗಬೇಕು. ಇಲ್ಲದಿದ್ದರೆ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಕೈಕೊಡುತ್ತದೆ. ನಾನು ಮೊದಲ ಸುತ್ತು ಮುಗಿಸಿದ್ದೆ. ಅಕ್ಕಿರೊಟ್ಟಿ ಆರಿಹೋಗುತ್ತಿದೆ ಎಂದು ಒಳಗಿನಿಂದ ಕೂಗು ಬಂತು. ನಾನು ರೊಟ್ಟಿಯ ಎರಡನೆಯ ತುಂಡನ್ನು ಚಟ್ನಿಗೆ ಅದ್ದುವಾಗ ಶೆಡ್ಡಿನಿಂದ ಒಂದು ಸದ್ದು ಕೇಳಿಸಿತು. ಹೆಚ್ಚು ಜೋರಿನದಲ್ಲ, ಕಿರಿದಾದ, ಸ್ವಚ್ಛವಾದ "ಟಣ್".

ಓಡಿಹೋಗಿ ನೋಡಿದರೆ ಭಾವನವರು ನಟ್ಟು ಸಮೇತ ಬಂದ ಅರ್ಧ ಸ್ಟಡ್ಡನ್ನು ಸ್ಪ್ಯಾನರಿನ ಬಾಯಲ್ಲೇ ಹಿಡಿದು ಬೆಳಕಿಗೆ ಒಡ್ಡಿದ್ದರು. ಮುರಿದ ಮುಖ ಬೂದುಬಣ್ಣದಲ್ಲಿ ಕಾಳುಕಾಳಾಗಿ ಹೊಳೆಯುತ್ತಿತ್ತು, ಒಂದು ಅಂಚಿನಲ್ಲಿ ಮಾತ್ರ ಹಳೆಯ ತುಕ್ಕಿನ ಕಂದು ಗೆರೆ. "ಭಾವ, ಅದನ್ನ ನಾನು ಬೇಕಂತಲೇ ಅಷ್ಟಕ್ಕೆ ಬಿಟ್ಟಿದ್ದೆ" ಎಂದೆ. "ಅದು ತಿರುಗ್ತಾನೇ ಇತ್ತು ಕಣಯ್ಯ. ತಿರುಗ್ತಿದೆ ಅಂದ್ರೆ ಇನ್ನೂ ಸಡಿಲ ಇದೆ ಅಂತ ತಾನೇ ಅರ್ಥ?" ಎಂದು ಕೇಳಿದರು. ಉಕ್ಕು ತುಂಡಾಗುವ ಮುನ್ನ ಹಿಗ್ಗುತ್ತದೆ, ಹಿಗ್ಗುವಾಗ ನಟ್ಟು ಮೆತ್ತಗೆ ತಿರುಗುತ್ತದೆ, ಆ ಮೆತ್ತಗೆಯೇ ಕೈ ತೆಗೆಯಬೇಕೆಂಬ ಎಚ್ಚರಿಕೆ ಎಂಬುದನ್ನು ನಾನು ವಿವರಿಸುವಷ್ಟರಲ್ಲಿ ಅವರು ಪಕ್ಕದ ನಟ್ಟಿಗೆ ಸ್ಪ್ಯಾನರ್ ಹೊಂದಿಸುತ್ತಿದ್ದರು. ನಾನು ಎಂಜಿನ್ನಿನ ಮೇಲೆ ಬೋರಲು ಬೀಳದಿದ್ದರೆ ಇಂದು ಎರಡು ಸ್ಟಡ್ಡುಗಳ ಕಥೆ ಬರೆಯಬೇಕಾಗುತ್ತಿತ್ತು.

ಅಕ್ಕ ಇದ್ದಾಗ ಇಷ್ಟು ಕಷ್ಟವಿರಲಿಲ್ಲ. ಭಾವನವರು ಮನೆಯೆಲ್ಲ ಸುತ್ತಿ ಬಿಗಿಯುತ್ತ ಹೋದರೆ, ಅವಳು ಒಂದು ಕೋಣೆಯಷ್ಟು ಹಿಂದೆ, ಕೆಲಸವಿರುವವಳಂತೆ ಓಡಾಡುತ್ತ, ಎಲ್ಲವನ್ನೂ ಅರ್ಧ ಸುತ್ತು ಸಡಿಲಿಸಿಕೊಂಡು ಬರುತ್ತಿದ್ದಳು. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ, ಇಬ್ಬರೂ ಆ ಬಗ್ಗೆ ಮಾತನಾಡಿದ್ದನ್ನು ನಾನು ಕೇಳಿಲ್ಲ. ಅವಳು ಹೋದ ಮೇಲೆ ಅವರು ನಮ್ಮಲ್ಲಿಗೆ ಬರುವುದು ಹೆಚ್ಚಾಗಿದೆ, ಹಾಸನದ ಮನೆಯಲ್ಲಿ ಬಿಗಿಯಲು ಏನೂ ಉಳಿದಿರಲಾರದು. ಬೇಡವೆನ್ನಲು ನನ್ನ ಹೆಂಡತಿಗೂ ಬಾಯಿ ಬರುವುದಿಲ್ಲ, ನನಗೂ ಬರುವುದಿಲ್ಲ.

ಹೆಂಡತಿಯ ಆಕ್ಷೇಪಣೆ ಏನಿದ್ದರೂ ಕಾರಿನ ಮೇಲೆ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ ಐವತ್ತು ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ಹೊಸದಾಗಿ ನೋಂದಾಯಿಸಲು 20,000 ರೂಪಾಯಿ ಶುಲ್ಕವಿದೆ, ಹಾಗೆ ನೋಂದಾಯಿಸಿದ್ದನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಒಯ್ಯಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ ಎಂದು ಓದಿ ಹೇಳಿದಾಗ, "ಹಾಗಾದ್ರೆ ತರಕಾರಿ ತರೋಕೂ ಆಗಲ್ಲ" ಎಂದಷ್ಟೇ ಹೇಳಿ, ಶೆಡ್ಡಿನ ಹೊರಗೆ ಮಳೆಯಲ್ಲಿ ನೆನೆಯುತ್ತಿದ್ದ ತನ್ನ ಸ್ಕೂಟರಿನ ಸೀಟು ಒರೆಸತೊಡಗಿದಳು.

ಇಂದು ಮಧ್ಯಾಹ್ನ ಲೇತ್ ಅಂಗಡಿಯ ಟರ್ನರ್ ಬಂದು ನೋಡಿಹೋದರು. ಸ್ಟಡ್ ಬ್ಲಾಕಿನ ಮಟ್ಟಕ್ಕಿಂತ ಕೆಳಗೆ ಮುರಿದಿರುವುದರಿಂದ ಹಿಡಿಯಲು ಏನೂ ಸಿಗುವುದಿಲ್ಲ. ಮೊದಲು ನಟ್ಟು ವೆಲ್ಡ್ ಮಾಡಿ ತಿರುಗಿಸಿ ನೋಡುವುದು, ಬಾರದಿದ್ದರೆ ನಟ್ಟನಡುವೆ ತೂತು ಕೊರೆಯುವುದು. ಡ್ರಿಲ್ ಬಿಟ್ಟು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಬ್ಲಾಕಿನ ಥ್ರೆಡ್ ಹೋಗುತ್ತದೆ ಎಂದರು. "ಯಾರ್ ಸಾರ್ ಇಷ್ಟು ಬಿಗಿದಿದ್ದು?" ಎಂದು ಕೇಳಿದರು. "ಮನೆಯವರೇ" ಎಂದೆ.

ಅವರು ಇನ್ನೂ ಗೇಟು ದಾಟಿರಲಿಲ್ಲ, ಹಾಸನದಿಂದ ಫೋನ್ ಬಂತು. ರಾತ್ರಿಯೆಲ್ಲ ಯೋಚಿಸಿದ್ದಾರಂತೆ. ದೋಷವೆಲ್ಲ ಸ್ಪ್ಯಾನರಿನ ಹಿಡಿ ಗಿಡ್ಡವಾದದ್ದರಲ್ಲಿದೆಯಂತೆ, ಕೈಗೆ ಬಲ ಸಮನಾಗಿ ಸಿಗಲಿಲ್ಲವಂತೆ. "ಮಿಕ್ಕಿದ್ದಕ್ಕೆ ನೀನು ಕೈ ಹಾಕ್ಬೇಡ ಕಣಯ್ಯ. ಹಿಡಿಗೆ ಸಿಕ್ಕಿಸೋಕೆ ಮೂರು ಅಡಿ ಜಿ.ಐ. ಪೈಪ್ ಕತ್ತರಿಸಿಟ್ಟಿದೀನಿ, ಭಾನುವಾರ ಮೊದಲನೇ ಬಸ್ಸಿಗೆ ತರ್ತೀನಿ."