ಇಂಗ್ಲಿಷ್ ಅಷ್ಟ ನೋಡ್ರಿ, ಸಾಕು

"ಸರ್, ಸೈನ್ಸ್ ಎಲ್ಲಾ ಬರೋಬ್ಬರಿ ಐತ್ರಿ. ಇಂಗ್ಲಿಷ್ ಅಷ್ಟ ನೋಡ್ರಿ" ಎಂದು ನಮ್ಮ ಓಣಿಯ ಹುಡುಗ ಪ್ರಾಜೆಕ್ಟ್ ರಿಪೋರ್ಟ್ ಕೊಟ್ಟು ಹೋದ. ವಿಜಯಪುರದಲ್ಲೇ ಎಂಎಸ್ಸಿ ಓದುತ್ತಾನೆ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳ ಮಣ್ಣು, ಗೊಬ್ಬರ, ಇಳುವರಿ ಅವನ ವಿಷಯ.

ಮೊದಲ ಪುಟದಲ್ಲೇ 'ಸ್ಪೀಸಿ' ಎಂಬ ಪದ. ಜೀವಜಾತಿ ಒಂದಿದ್ದರೂ ಸ್ಪೀಸೀಸ್, ಹತ್ತಿದ್ದರೂ ಸ್ಪೀಸೀಸ್. ಕೊನೆಯ ಎಸ್ ಕಿತ್ತರೆ ಇಂಗ್ಲಿಷಿನಲ್ಲಿ ಅದು ನಾಣ್ಯದ ರೊಕ್ಕ. ದ್ರಾಕ್ಷಿ ಬೆಳೆಯುವವರಿಗೆ ಅದೂ ಬೇಕೇ ಅನ್ನಿ! ಕೆಜಿ ಬರೆಯುವಾಗ ಎಲ್ಲ ಕಡೆ ದೊಡ್ಡ ಕೆ ಹಾಕಿದ್ದ. ದೊಡ್ಡ ಕೆ ಉಷ್ಣತೆ ಅಳೆಯುವ ಕೆಲ್ವಿನ್‌ನದು. ಆ ಕೆಲ್ವಿನ್‌ಗೆ 'ಡಿಗ್ರಿ' ಹಚ್ಚುವುದನ್ನು 1967ರಲ್ಲೇ ಬಿಟ್ಟಿದ್ದಾರೆ. ಇದು ಗೊತ್ತಿಲ್ಲದೆ ನಾನೇ ವರ್ಷಗಟ್ಟಲೆ ಬೋರ್ಡ್ ಮೇಲೆ ಬರೆದಿದ್ದೇನೆ, ಹಾಗಾಗಿ ಅವನಿಗೆ ಜಾಸ್ತಿ ಬೈಯಲಿಲ್ಲ. 'ಡೇಟಾ ಈಸ್' ಸರಿಯೋ 'ಡೇಟಾ ಆರ್' ಸರಿಯೋ ಎಂಬ ಜಗಳಕ್ಕೂ ನಾನಿಲ್ಲ. ಒಂದನ್ನೇ ಕೊನೆತನಕ ಬರೆದರೆ ಸಾಕು.

ಆದರೆ ಮಣ್ಣು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂದು ಹೇಳುವ ಪಿಎಚ್ ಹತ್ತಿರ ಪೆನ್ನು ನಿಂತಿತು. ಒಂದು ತೋಟದ ಮಣ್ಣು 7.5, ಇನ್ನೊಂದರದು 8.5. ಇವನು 'ಸ್ಲೈಟ್ ಡಿಫರೆನ್ಸ್' ಎಂದಿದ್ದಾನೆ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞ ಸೋರೆನ್‌ಸೆನ್ ಮಾಡಿಕೊಟ್ಟ ಈ ಅಳತೆಯಲ್ಲಿ ಒಂದು ಮೆಟ್ಟಿಲು ಅಂದರೆ ಹೈಡ್ರೋಜನ್ ಅಯಾನುಗಳಲ್ಲಿ ಹತ್ತು ಪಟ್ಟು ವ್ಯತ್ಯಾಸ. ಈಗ ಹೇಳಿ, 'ಸ್ಲೈಟ್' ಇಂಗ್ಲಿಷಿನ ತಪ್ಪೋ, ಸೈನ್ಸಿನ ತಪ್ಪೋ?

ಎಲ್ಲಕ್ಕಿಂತ ದೊಡ್ಡ ಕಾಟ 'ಸಿಗ್ನಿಫಿಕಂಟ್'. ಹೊಸ ಗೊಬ್ಬರದಿಂದ ಇಳುವರಿ 'ಸಿಗ್ನಿಫಿಕಂಟ್' ಆಗಿ ಏರಿದೆಯಂತೆ. ಸ್ಟ್ಯಾಟಿಸ್ಟಿಕ್ಸಿನ ಯಾವ ಟೆಸ್ಟ್ ಮಾಡಿದೆ ಎಂದು ಕೇಳಿದೆ. "ಟೆಸ್ಟ್ ಇಲ್ರಿ. ಜಾಸ್ತಿ ಬಂದಿತ್ತು, ಅದಕ್ಕ ಹಂಗ ಬರದೆ."

ಮಾತಿನಲ್ಲಿ ಅದಕ್ಕೆ 'ಗಣನೀಯ' ಎಂಬ ಅರ್ಥ ಇರಬಹುದು. ರಿಪೋರ್ಟಿನಲ್ಲಿ ಬೇರೆಯೇ ಇದೆ. ಗೊಬ್ಬರದಿಂದ ಏನೂ ಆಗಿಲ್ಲ ಎಂದುಕೊಳ್ಳೋಣ. ಆಗಲೂ ಸುಮ್ನೆ ಅದೃಷ್ಟದಿಂದ ಇಷ್ಟು ಫರಕು ಕಾಣುವ ಸಾಧ್ಯತೆ ಎಷ್ಟು? ಸಾಮಾನ್ಯವಾಗಿ ನೂರಕ್ಕೆ 5ಕ್ಕಿಂತ ಕಡಿಮೆ ಇದ್ದರೆ ಮಾತ್ರ ಆ ಪದ ಬರೆಯುತ್ತಾರೆ. ಫರಕು ದೊಡ್ಡದೇ ಇರಬೇಕೆಂದಿಲ್ಲ. ಬಳ್ಳಿಗೆ 50 ಗ್ರಾಂ ಜಾಸ್ತಿ ಬಂದರೂ ಸಿಗ್ನಿಫಿಕಂಟ್ ಆಗಬಹುದು. ರೈತನಿಗೆ ಗೊಬ್ಬರದ ಖರ್ಚೂ ಹುಟ್ಟಲಿಕ್ಕಿಲ್ಲ, ಅದು ಬೇರೆ ಮಾತು.

"ಜಾಸ್ತಿ ಬಂತು ಅಂತ ಬರಿ, ಎಷ್ಟು ಜಾಸ್ತಿ ಅಂತ ಅಂಕಿ ಹಾಕು" ಎಂದೆ. ಮುಖ ಸಪ್ಪೆ ಮಾಡಿದ. "ಅಷ್ಟ ಬರದ್ರ ರಿಪೋರ್ಟ್ ಅನಸಂಗಿಲ್ರಿ ಸರ್." ಇವರಿಗೆ ಇಂಗ್ಲಿಷ್ ಪದ ಅಂದರೆ ಮದುವೆ ಮನೆಯ ಶಾಲು ಇದ್ದ ಹಾಗೆ. ಹೆಗಲ ಮೇಲಿದ್ದರೆ ಸಾಕು.

ನಿನ್ನೆ ರಾತ್ರಿ ಫೋನ್ ಮಾಡಿದ. "ಟೆಸ್ಟ್ ಮಾಡಿದ್ನಿರಿ. ಸಿಗ್ನಿಫಿಕಂಟ್ ಇಲ್ಲ ಅಂತ ಬಂತು. ಗೊಬ್ಬರದಿಂದ ಏನೂ ಉಪಯೋಗ ಇಲ್ಲ ಅಂತ ಬರೀಲ್ರಿ?"

"ಇಲ್ಲಪಾ. ಇಷ್ಟ ಬಳ್ಳಿ ನೋಡಿ ಹೇಳಾಕ ಆಗಂಗಿಲ್ಲ ಅಂತ ಬರಿ."