ಕಲ್ಲು, ಚಕ್ರವೂ ಉಳಿಯಲಿ

ನೀರಿನ ಬಲದಿಂದ ಹಿಟ್ಟು ಬೀಸುತ್ತಿದ್ದ ಹಳೆಯ ಗಿರಣಿ ಕುಸಿದು ಬೀಳದೆ ರೆಸ್ಟೋರೆಂಟ್ ಆಗಿ, ಅದರ ಮೇಲಿನ ಅಂತಸ್ತುಗಳು ತಂಗುವ ಕೋಣೆಗಳಾಗಿವೆ ಎಂದು ನಿಮ್ಮ ಲೇಖನದಲ್ಲಿ ಓದಿ ಖುಷಿಯಾಯಿತು. ಆದರೆ ಒಳಗಿನ ಬೀಸುವ ಕಲ್ಲುಗಳನ್ನೆಲ್ಲ ಹೊರಗೆ ಸಾಗಿಸಿದರು ಎಂಬ ಸಾಲು ಬೇಜಾರು ತಂದಿತು. ಗಿರಣಿ ಅಂದರೆ ಬರೀ ಗೋಡೆ ಅಲ್ಲ, ಅಲ್ವಾ? ಅಲ್ಲಿ ಕೆಳಗಿನ ಕಲ್ಲು ಅಲುಗುವುದಿಲ್ಲ, ಮೇಲಿನದು ಮಾತ್ರ ತಿರುಗುತ್ತದೆ. ಕಲ್ಲಿನ ಮೈಮೇಲೆ ಕೊರೆದ ಗೀರುಗಳು ಹಿಟ್ಟನ್ನು ಅಂಚಿಗೆ ತಳ್ಳುತ್ತವೆ. ಗೀರು ಸವೆದಾಗ ಮತ್ತೆ ಕೊರೆಯಬೇಕು. ಅದೇ ಒಂದು ದೊಡ್ಡ ಕಸುಬಾಗಿತ್ತು. ಊಟದ ಮೇಜುಗಳ ನಡುವೆ ಒಂದು ಜೋಡಿ ಕಲ್ಲಾದರೂ ಇದ್ದಿದ್ದರೆ ಮಕ್ಕಳು ಮುಟ್ಟಿ ನೋಡುತ್ತಿದ್ದರು.

ಇಂಥ ಕೆಲಸ ಸುಲಭವಲ್ಲ, ಒಪ್ಪುತ್ತೇನೆ. ವೆನಿಸ್‌ನ ಮೊಲಿನೊ ಸ್ಟಕಿ ಹಿಟ್ಟಿನ ಗಿರಣಿ 1955ರಲ್ಲಿ ಮುಚ್ಚಿತು. ದುರಸ್ತಿ ನಡೆಯುತ್ತಿದ್ದಾಗಲೇ, 2003ರಲ್ಲಿ, ಬೆಂಕಿ ಬಿತ್ತು. ಆದರೂ ಕೈಬಿಡದೆ 2007ರಲ್ಲಿ ಅದನ್ನು ಹೋಟೆಲ್ ಆಗಿ ತೆರೆದರು.

ನಿಮ್ಮ ಲೇಖನದ ಗಿರಣಿಯ ಹೊರಗೆ, ನೀರಿನಿಂದ ತಿರುಗುತ್ತಿದ್ದ ಮರದ ಚಕ್ರ ಇನ್ನೂ ಇದೆ ಎಂದು ಬರೆದಿದ್ದೀರಿ. ದಯವಿಟ್ಟು ಅದನ್ನು ಸುಮ್ನೆ ಅಲಂಕಾರಕ್ಕೆ ನಿಲ್ಲಿಸಬೇಡಿ ಎಂದು ಮಾಲೀಕರಿಗೆ ಯಾರಾದರೂ ಹೇಳಿ. ಆಗಾಗ ತಿರುಗಿಸುತ್ತಿರಲಿ. ನಿಂತಲ್ಲೇ ನಿಂತರೆ ಕೆಳಗಿನ ಅರ್ಧ ನೆನೆದು ಕೊಳೆಯುತ್ತದೆ, ಮೇಲಿನರ್ಧ ಒಣಗಿ ಬಿರುಕು ಬಿಡುತ್ತದೆ.